ಕುರ್ಚಿಯ ಪಕ್ಕದ ಚೀಟಿ

ವಿನ್ಯಾಸ ಪ್ರದರ್ಶನಗಳಲ್ಲಿ ಕುರ್ಚಿಯ ಪಕ್ಕ ಒಂದು ಚೀಟಿ ಅಂಟಿಸಿರುತ್ತಾರೆ. ಕುರ್ಚಿಗೊಂದು ಹೆಸರು, ವಿನ್ಯಾಸಕಾರನ ಹೆಸರು, ಮಾಡಿದ ವರ್ಷ, ಮರ ಯಾವುದು, ಮೆರುಗು ಯಾವುದು. ತೇಗವೋ ಬೀಟೆಯೋ ಬಿದಿರೋ ಎಂಬುದನ್ನು ತಪ್ಪದೆ ಬರೆದಿರುತ್ತಾರೆ. ಉಳಿ ಹಿಡಿದವನ ಹೆಸರು, ಬೆತ್ತ ಹೆಣೆದವಳ ಹೆಸರು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಮರಕ್ಕೆ ಸಿಕ್ಕ ಮರ್ಯಾದೆ ಕೈಗೆ ಸಿಗಲಿಲ್ಲ ಅಂದರೆ ಅದನ್ನು ಮರೆವು ಅಂತ ಬಿಟ್ಟುಬಿಡೋದಕ್ಕಾಗಲ್ಲ. ನಾವಿಲ್ಲಿ ಓದಲು ಹೊರಟಿರುವುದು ಆ ಚೀಟಿಯನ್ನು.

ಸಾಹಿತ್ಯದ ಪತ್ರಿಕೆಯಲ್ಲಿ ಕುರ್ಚಿ ಮೇಜಿನ ಮಾತು ಯಾಕೆ ಅಂತ ಗೆಳೆಯರು ಕೇಳಬಹುದು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ಕಾವ್ಯದ ಮುಂದೆ ಇಟ್ಟ ಪ್ರಶ್ನೆ ಸರಳವಾಗಿತ್ತು: ಇದರಲ್ಲಿ ಯಾರ ಬದುಕಿದೆ, ಇದು ಯಾರ ಪರ? ಕಾವ್ಯಕ್ಕೆ ಕೇಳಿದ್ದನ್ನು ಕುರ್ಚಿಗೂ ಕೇಳಬೇಕು. ಯಾಕಂದ್ರೆ ಈ ದೇಶದಲ್ಲಿ ಕೂರುವುದು ಅಂದರೆ ಬರೀ ಸೊಂಟ ಬಗ್ಗಿಸುವ ಕೆಲಸವಲ್ಲ. ಯಾರು ಜಗಲಿ ಮೇಲೆ, ಯಾರು ಜಗಲಿ ಕೆಳಗೆ, ಯಾರಿಗೆ ಮಣೆ, ಯಾರಿಗೆ ಬರೀ ನೆಲ ಎಂಬುದನ್ನು ಜಾತಿಯೇ ಗೊತ್ತು ಮಾಡಿತ್ತು. ಬಾಲಕ ಅಂಬೇಡ್ಕರರು ಶಾಲೆಯಲ್ಲಿ ಒಂದು ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಕೂರಬೇಕಿತ್ತು. ಆ ಗೋಣಿಯನ್ನು ಶಾಲೆ ಗುಡಿಸುವ ಆಳೂ ಮುಟ್ಟುತ್ತಿರಲಿಲ್ಲ. ಸಂಜೆ ಮನೆಗೆ ಹೊತ್ತುಕೊಂಡು ಹೋಗಿ, ಬೆಳಿಗ್ಗೆ ಮತ್ತೆ ಹೊತ್ತು ತರಬೇಕು. ಇದು ಅವರೇ ಬರೆದಿಟ್ಟ ಮಾತು. ಹಳೇ ಕತೆ ಬಿಡಿ ಅನ್ನುವವರಿಗೆ 2020 ನೆನಪಿರಲಿ: ಪಕ್ಕದ ತಮಿಳುನಾಡಿನ ಕಡಲೂರು ಜಿಲ್ಲೆಯ ಒಂದು ಪಂಚಾಯಿತಿಯಲ್ಲಿ ದಲಿತ ಅಧ್ಯಕ್ಷೆಯನ್ನು ನೆಲದಲ್ಲಿ ಕೂರಿಸಿ, ಉಳಿದ ಸದಸ್ಯರು ಕುರ್ಚಿ ಮೇಲೆ ಕೂತು ಸಭೆ ನಡೆಸಿದ್ದರು. ಕುರ್ಚಿಯ ಚೆಂದದ ಬಗ್ಗೆ ಬರೆಯುವವರು ಈ ಇತಿಹಾಸ ಬಿಟ್ಟು ಬರೆದರೆ ಅರ್ಧ ಮಾತ್ರ ಬರೆದ ಹಾಗೆ.

ಈಗ ಬೆಂಗಳೂರಿನ ಉತ್ತರಕ್ಕೆ, ಯಲಹಂಕ ಕೋಗಿಲು ಕಡೆಗೆ ಬನ್ನಿ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಕಡೆಯ ರಾಗಿ ಹೊಲ, ದ್ರಾಕ್ಷಿ ತೋಟ ಸೈಟುಗಳಾದವು, ಸೈಟುಗಳು ವಿಲ್ಲಾಗಳಾದವು. ವಿಲ್ಲಾ ಬಂದ ಕಡೆ ಒಳಾಂಗಣ ವಿನ್ಯಾಸಕಾರರು ಬಂದೇ ಬರುತ್ತಾರೆ. 1996ರಲ್ಲಿ ಶುರುವಾದ ಸೃಷ್ಟಿ ವಿನ್ಯಾಸ ಶಾಲೆ ಇರುವುದೂ ಯಲಹಂಕ ಉಪನಗರದಲ್ಲೇ. ವಿನ್ಯಾಸ ಅನ್ನುವ ವಿದ್ಯೆ, ಅದನ್ನು ಕೊಳ್ಳುವ ದುಡ್ಡು, ಅದನ್ನು ಕೈಯಲ್ಲಿ ಮಾಡಿ ನಿಲ್ಲಿಸುವ ದುಡಿಮೆ ಮೂರೂ ಒಂದೇ ರಸ್ತೆಯಲ್ಲಿ ಎದುರಾಗುವ ಜಾಗ ಇದು. ರಾಜಸ್ಥಾನ, ಉತ್ತರ ಪ್ರದೇಶ, ಬಿಹಾರಗಳಿಂದ ಬಂದ ಬಡಗಿಗಳು ಇಂಥ ಮನೆಗಳಲ್ಲೇ ಮಲಗಿ, ಅಲ್ಲೇ ಅಡುಗೆ ಮಾಡಿಕೊಂಡು ಕಪಾಟು, ಸೋಫಾ, ಮಂಚ ಕಟ್ಟುತ್ತಾರೆ. ಗೃಹಪ್ರವೇಶದ ದಿನಕ್ಕೆ ಅವರು ಇನ್ನೊಂದು ಹಸಿ ಗೋಡೆಯ ಮನೆಯಲ್ಲಿರುತ್ತಾರೆ. ತಾವೇ ಕಟ್ಟಿದ ಸೋಫಾದ ಮೇಲೆ ಕೂರುವ ಕರೆ ಅವರಿಗೆ ಬರುವುದಿಲ್ಲ.

ವಿನ್ಯಾಸಕಾರರೆಲ್ಲ ಕಳ್ಳರು ಅಂತ ನಾವು ಹೇಳುತ್ತಿಲ್ಲ. ಒಳ್ಳೆಯ ಕೆಲಸವನ್ನು ಒಳ್ಳೆಯದು ಅನ್ನದ ವಿಮರ್ಶೆ ಬರೀ ಬೈಗುಳವಾಗುತ್ತದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಕಲಿತ ಬೆಂಗಳೂರಿನ ಸಂದೀಪ್ ಸಂಗಾರು ಅವರ ‘ಟ್ರಸ್ ಮಿ’ ಎಂಬ ಬಿದಿರಿನ ಪೀಠೋಪಕರಣಗಳನ್ನೇ ನೋಡಿ. ರೈಲ್ವೆ ಷೆಡ್ಡಿನ ಚಾವಣಿಗೆ ಕಬ್ಬಿಣದ ಸರಳುಗಳನ್ನು ಮುಕ್ಕೋನ ಮುಕ್ಕೋನವಾಗಿ ಕಟ್ಟಿರುತ್ತಾರಲ್ಲ, ಅದೇ ಲೆಕ್ಕವನ್ನು ತೆಳು ಬಿದಿರಿಗೆ ತಂದಿದ್ದಾರೆ. ಮುಕ್ಕೋನದ ಕಟ್ಟು ಅಷ್ಟು ಸುಲಭಕ್ಕೆ ಸೊಟ್ಟಗಾಗದು. ಹಾಗಾಗಿ ಬೆರಳು ಗಾತ್ರದ ಬಿದಿರೂ ಆಳಿನ ಭಾರ ಹೊರುತ್ತದೆ. ಜರ್ಮನಿಯ ರೆಡ್ ಡಾಟ್ ಪ್ರಶಸ್ತಿ ಇದಕ್ಕೆ ಬಂತು. ತ್ರಿಪುರಾದ ಬಿದಿರು ಕೆಲಸಗಾರರ ಜೊತೆ ಕೂತು ಕೆಲಸ ಮಾಡಿದವರು ಇವರು. ಬಿದಿರು ಬಡವರ ಮರ, ಸೋವಿ ಸಾಮಾನು ಅನ್ನುವ ತಾತ್ಸಾರವನ್ನು ಈ ಕೆಲಸ ಮುರಿಯಿತು. ಇದನ್ನು ನಾವು ಮೆಚ್ಚುತ್ತೇವೆ.

ಆದರೆ ಈ ಕುರ್ಚಿಯ ಅರ್ಧ ಬುದ್ಧಿ ನಕ್ಷೆಗೂ ಮುಂಚಿನದು. ಎಷ್ಟು ವರ್ಷದ ಬಿದಿರು ಗಟ್ಟಿ, ಯಾವ ಕಾಲದಲ್ಲಿ ಕಡಿಯಬೇಕು, ಗಿಣ್ಣು ಒಡೆಯದ ಹಾಗೆ ಮಚ್ಚು ಎಲ್ಲಿ ಇಡಬೇಕು ಎಂಬುದನ್ನು ಯಾವ ಕಾಲೇಜೂ ಕಂಡುಹಿಡಿಯಲಿಲ್ಲ. ಬಿದಿರನ್ನು ನೀರಲ್ಲಿ ನೆನೆಹಾಕಿದರೆ ಒಳಗಿನ ಪಿಷ್ಟ ಕರಗಿ, ಅದನ್ನು ತಿನ್ನುವ ಹುಳಕ್ಕೆ ಮೇವಿಲ್ಲದಂತಾಗುತ್ತದೆ ಅಂತ ವಿಜ್ಞಾನ ಹೇಳುತ್ತದೆ. ಪಿಷ್ಟ ಎಂಬ ಪದ ಕೇಳದ ಜನ ತಲೆಮಾರುಗಳಿಂದ ಬಿದಿರನ್ನು ನೆನೆಹಾಕುತ್ತಲೇ ಬಂದಿದ್ದಾರೆ. ನಮ್ಮಲ್ಲಿ ಈ ವಿದ್ಯೆ ಮೇದರದು. ಹನ್ನೆರಡನೇ ಶತಮಾನದ ಶರಣರ ನಡುವೆ ಮೇದರ ಕೇತಯ್ಯ ಇದ್ದರು. ಬುಟ್ಟಿ ಹೆಣೆಯುವುದು ಅವರ ಕಾಯಕ. ಕೂಸಿನ ತೊಟ್ಟಿಲು, ಕಣದ ಮೊರ, ಹೆಣದ ಚಟ್ಟ ಎಲ್ಲಕ್ಕೂ ಬಿದಿರೇ ಬೇಕು. ಗೌರಿ ಹಬ್ಬಕ್ಕೆ ಬಾಗಿನದ ಮೊರ ದೇವರ ಮುಂದಕ್ಕೆ ಹೋಯಿತು, ಮೊರ ಹೆಣೆದವಳು ಬೀದಿಯಲ್ಲೇ ಉಳಿದಳು. ಹೆಣೆದದ್ದು ಒಳಕ್ಕೆ, ಹೆಣೆದವಳು ಹೊರಕ್ಕೆ ಅನ್ನುವ ಈ ಹಳೇ ಏರ್ಪಾಟೇ ಇವತ್ತು ಪ್ರದರ್ಶನದ ಚೀಟಿಯಲ್ಲಿ ಮುಂದುವರಿದಿದೆ ಅಂತ ನಮ್ಮ ವಾದ.

ಕಾನೂನು ಯಾರ ಕಡೆ ಇತ್ತು? ಬಿದಿರು ಹುಲ್ಲಿನ ಜಾತಿ ಅಂತ ಸಸ್ಯಶಾಸ್ತ್ರದ ಪಾಠ. 1927ರ ಅರಣ್ಯ ಕಾಯ್ದೆ ಮಾತ್ರ ಅದನ್ನು ಮರ ಅಂತು. ಹಾಗಾಗಿ ಪರವಾನಗಿ ಇಲ್ಲದೆ ಕಾಡಿನಿಂದ ನಾಲ್ಕು ಗಳ ತಂದವನು ಕಳ್ಳನಾದ. ಇತ್ತ ದಾಂಡೇಲಿಯ ಕಾಗದ ಕಾರ್ಖಾನೆಗೆ 1958ರಲ್ಲಿ ಟನ್ನಿಗೆ ಎರಡು ರೂಪಾಯಿಯನ್ನೂ ಮುಟ್ಟದ ದರಕ್ಕೆ ಕಾಡಿನ ಬಿದಿರು ಕೊಡಲು ಸರ್ಕಾರ ಒಪ್ಪಿತ್ತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಇದನ್ನು ಮತ್ತೆ ಮತ್ತೆ ಬರೆದರು. ಬುಟ್ಟಿ ಹೆಣೆಯುವವರು ಅದೇ ಬಿದಿರಿಗೆ ಕೊಡಬೇಕಾದದ್ದು ಹೋಲಿಕೆಯೇ ಇಲ್ಲದ ಪೇಟೆ ದರ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನ ಅಂತ ಒಪ್ಪಿತು. ಕಾಡಿನ ಹೊರಗೆ ಬೆಳೆದ ಬಿದಿರು ಮರವಲ್ಲ ಅಂತ ಕಾಯ್ದೆ ತಿದ್ದಿದ್ದು 2017ರಲ್ಲಿ. ತೊಂಬತ್ತು ವರ್ಷ! ಅಷ್ಟರಲ್ಲಿ ಪ್ಲಾಸ್ಟಿಕ್ ಬುಟ್ಟಿ ಊರೂರು ಸೇರಿತ್ತು. ಕೈಯವರು ಸೊರಗಿದ ಮೇಲೆ ಬಿದಿರಿಗೆ ‘ಪರಿಸರಸ್ನೇಹಿ’ ಅಂತ ಬಿರುದು ಬಂತು, ಬೆಲೆ ಬಂತು.

ಹೆಸರಿನ ಜಗಳದಿಂದ ಹೊಟ್ಟೆ ತುಂಬುತ್ತಾ ಅಂತ ಕೇಳುವವರಿಗೆ ಒಂದು ಉದಾಹರಣೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿ ತೋರಿಸಿತು. ಅದರ ಮೂಲ ಯಾವುದು ಅಂತ ಹೇಳಲಿಲ್ಲ. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳ ಸಮಗಾರರ ಕೈಯೂ ಈ ಚಪ್ಪಲಿಯ ಹಿಂದಿದೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿದ್ದು. ಜನ ಕೂಗೆಬ್ಬಿಸಿದ ಮೇಲೆ ಕಂಪನಿ ಮೂಲ ಒಪ್ಪಿಕೊಂಡಿತು. ಅದೇ ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಚರ್ಮ ನಿಗಮಗಳ ಜೊತೆ, ಅಂದರೆ ನಮ್ಮ ಲಿಡ್ಕರ್ ಜೊತೆಗೂ, ಒಪ್ಪಂದ ಆಯಿತು. ಅಂದರೆ ಹೆಸರು ಕೇಳಿದ್ದರಿಂದಲೇ ಮಾತುಕತೆಯ ಮೇಜು ಸಿಕ್ಕಿತು. ಆ ಮೇಜಿನ ಸುತ್ತ ಸಮಗಾರನಿಗೇ ಕುರ್ಚಿ ಸಿಕ್ಕಿತಾ ಎಂಬುದು ಮುಂದಿನ ಪ್ರಶ್ನೆ.

ಇಲ್ಲಿ ಒಂದು ಎಚ್ಚರ ಬೇಕು. ಮೇದರ ಮಗ ಮೇದರ ಕೆಲಸವನ್ನೇ ಮಾಡಿಕೊಂಡಿರಲಿ, ಅದೇ ನಮ್ಮ ಸಂಸ್ಕೃತಿ ಅಂತ ಹಾಡಿ ಹೊಗಳುವವರ ಗುಂಪಿಗೆ ನಾವು ಸೇರಿದವರಲ್ಲ. ಜಾತಿ ಎಂಬುದು ಕೆಲಸದ ಹಂಚಿಕೆ ಅಲ್ಲ, ಕೆಲಸಗಾರರನ್ನೇ ಒಡೆದು ಮೇಲೆ ಕೆಳಗೆ ಇಡುವ ವ್ಯವಸ್ಥೆ ಅಂತ ಅಂಬೇಡ್ಕರರು 1936ರಲ್ಲೇ ತೋರಿಸಿದರು. ತಲೆಯ ಕೆಲಸ ಒಬ್ಬನಿಗೆ, ಕೈಯ ಕೆಲಸ ಇನ್ನೊಬ್ಬನಿಗೆ ಅನ್ನುವ ಗೋಡೆ ಬೀಳಬೇಕು. ಹೆಣೆಯುವವಳ ಮಗಳು ಬೇಕಿದ್ದರೆ ನಕ್ಷೆ ಬರೆಯಲಿ, ಬೇಡವಾದರೆ ಡಾಕ್ಟರಾಗಲಿ. ಖಾಸಗಿ ವಿನ್ಯಾಸ ಶಾಲೆಗಳ ವರ್ಷದ ಶುಲ್ಕ ಲಕ್ಷಗಳ ಲೆಕ್ಕದಲ್ಲಿರುವಾಗ ಆ ಮಗಳು ಒಳಗೆ ಬರುವುದು ಹೇಗೆ?

ಕೊನೆಗೆ ಕೋಗಿಲಿನದೇ ಮಾತು. 2025ರ ಡಿಸೆಂಬರ್ 20ರಂದು ಇಲ್ಲಿನ ಫಕೀರ್ ಕಾಲನಿ, ವಸೀಂ ಲೇಔಟುಗಳಿಗೆ ಜೆಸಿಬಿಗಳು ಬಂದವು. ಜಾಗ ಸರ್ಕಾರದ್ದು, ಕಸ ವಿಲೇವಾರಿಗೆ ಬೇಕಾದದ್ದು ಅಂತ ಕಾರಣ. ನೂರೈವತ್ತಕ್ಕೂ ಹೆಚ್ಚು ಮನೆ ನೆಲಸಮವಾದವು; ಬಹುಪಾಲು ಬಡ ಮುಸ್ಲಿಮರವು. ಡಿಸೆಂಬರಿನ ಚಳಿಯಲ್ಲಿ ಜನ ಬಯಲಲ್ಲಿ ಕೂತರು. ಗದ್ದಲ ಎದ್ದ ಮೇಲೆ, ಅರ್ಹರಿಗೆ ಬೈಯಪ್ಪನಹಳ್ಳಿಯಲ್ಲಿ ಮನೆ ಕೊಡುತ್ತೇವೆ ಅಂತ ಸರ್ಕಾರ ಹೇಳಿತು. ಮನೆ ಬಿದ್ದ ಕಡೆಯಲ್ಲೆಲ್ಲ ಮಂಚ, ಪಾತ್ರೆ, ಹಾಸಿಗೆ ಬೀದಿಗೆ ಬರುತ್ತವೆ. ಆ ಸಾಮಾನಿನ ಪಕ್ಕ ಯಾರೂ ಚೀಟಿ ಅಂಟಿಸುವುದಿಲ್ಲ. ಒಂದು ಮಂಚ ಕೊಳ್ಳಲು ಎಷ್ಟು ದಿನದ ಕೂಲಿ ಹೋಯಿತು ಅಂತ ಬರೆದಿಟ್ಟಿದ್ದರೆ ಅದನ್ನು ಓದುವ ಧೈರ್ಯ ನಗರಕ್ಕಿತ್ತೇ? ಮನೆಯೊಳಗಿನ ಚೆಂದವನ್ನು ಕಲಿಸುವ ವಿದ್ಯೆ, ಮನೆಯೇ ಇಲ್ಲದಂತೆ ಮಾಡುವುದರ ಬಗ್ಗೆ ಬಾಯಿ ಮುಚ್ಚಿಕೊಂಡಿರುವಂತಿಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ಚೀಟಿಯಲ್ಲಿ ಮಾಡಿದವರ ಹೆಸರಿರಲಿ. ಕುರ್ಚಿಯ ಬೆಲೆಯಲ್ಲಿ ಕೂಲಿ ಎಷ್ಟು ಅಂತ ಬರೆದಿರಲಿ. ಅದೇ ನಮೂನೆ ಮತ್ತೆ ಮಾರಿದಾಗ ಕೈಯವರಿಗೂ ಪಾಲು ಹೋಗಲಿ. ವಿನ್ಯಾಸ ಶಾಲೆಯಲ್ಲಿ ಮೇದರು, ಸಮಗಾರರು, ಬಡಗಿಗಳು ಮೇಷ್ಟ್ರಾಗಿ ಸಂಬಳ ಪಡೆಯಲಿ, ಅವರ ಮಕ್ಕಳಿಗೆ ಅಲ್ಲಿ ಸೀಟು ಇರಲಿ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ನಿಮ್ಮ ಶಾಲೆಯಲ್ಲಿ ವಸ್ತುಪ್ರದರ್ಶನ ನಡೆದಾಗ ಮಕ್ಕಳು ಮೊರ, ಬುಟ್ಟಿ, ನೇಗಿಲು ತಂದಿಡುತ್ತಾರೆ. ‘ಗ್ರಾಮೀಣ ವಸ್ತುಗಳು’ ಅಂತ ಒಂದೇ ಬೋರ್ಡು ಹಾಕಿ ಸುಮ್ಮನಾಗಬೇಡಿ. ಯಾರು ಮಾಡಿದ್ದು, ಎಷ್ಟು ದಿನ ಹಿಡಿಯಿತು, ಎಷ್ಟು ದುಡ್ಡು ಸಿಕ್ಕಿತು ಅಂತ ಮಕ್ಕಳ ಕೈಯಲ್ಲೇ ಬರೆಸಿ. ಮಾಡಿದವರನ್ನು ಕರೆಯಿರಿ. ಕರೆದ ಮೇಲೆ ಮರೀದೆ ಕುರ್ಚಿ ಹಾಕಿ.