ಕ್ಯಾನಿಗೆ ಸುರಿಯೋ ಮುಂಚೆ ಪುಸ್ತಕದಲ್ಲಿ ಬರೀರಿ

ಜಿಪಿಎಸ್ ಟ್ರ್ಯಾಕ್ ಫೈಲುಗಳನ್ನು ಪೋಸ್ಟ್‌ಜಿಐಎಸ್‌ಗೆ ತುಂಬೋದು ಹೇಗೆ ಅಂತ ಕೇಳಿ ನೋಡಿ, ಬಹುತೇಕ ಸಿಗೋ ಉತ್ತರ ಒಂದೇ. ಒಂದು ಫೋಲ್ಡರ್, ಒಂದು ಲೂಪ್, ಅದರೊಳಗೆ ಓಜಿಆರ್‌2ಓಜಿಆರ್‌ನ ಒಂದು ಸಾಲು. ರಾತ್ರಿ ಕ್ರಾನ್‌ಗೆ ಹಚ್ಚಿ ಮಲಗಿದರೆ ಮುಗೀತು. ನನ್ನ ತಕರಾರು ಇರೋದು ಈ 'ಮುಗೀತು' ಅನ್ನೋ ಮಾತಿನ ಮೇಲೆ.

ಟೂಲ್ ಕೆಟ್ಟದ್ದಲ್ಲ. ಫ್ರಾಂಕ್ ವಾರ್ಮರ್‌ಡ್ಯಾಮ್ 1998ರಲ್ಲಿ ಶುರುಮಾಡಿದ ಜಿಡಾಲ್‌ನ ಭಾಗ ಅದು. ಜಿಪಿಎಕ್ಸ್ ಫೈಲನ್ನು ಅದು ಐದು ಪದರಗಳಾಗಿ ಬಿಡಿಸಿಕೊಡುತ್ತೆ. ತೊಂದರೆ ಇರೋದು ಯಾವ ಪದರ ಎತ್ಕೋತೀವಿ ಅನ್ನೋದರಲ್ಲಿ. ಎಲ್ಲರೂ ಎತ್ಕೊಳ್ಳೋದು 'ಟ್ರ್ಯಾಕ್ಸ್'. ಮ್ಯಾಪಿನ ಮೇಲೆ ಗೆರೆ ಚೆಂದ ಕಾಣುತ್ತೆ ನೋಡಿ! ಆದರೆ ಆ ಗೆರೆಯಲ್ಲಿ ಹೊತ್ತಿಲ್ಲ. ಗಾಡಿ ಎಲ್ಲಿ ಹೋಯ್ತು ಗೊತ್ತಾಗುತ್ತೆ, ಯಾವಾಗ ಹೋಯ್ತು, ಎಲ್ಲಿ ನಿಂತಿತು ಗೊತ್ತಾಗಲ್ಲ. ಸಮಯ ಇರೋದು 'ಟ್ರ್ಯಾಕ್ ಪಾಯಿಂಟ್ಸ್' ಪದರದಲ್ಲಿ.

ಸರಿ, ಅದನ್ನೇ ತುಂಬಿದರೆ? ಅಲ್ಲಿ ಟ್ರ್ಯಾಕಿನ ನಂಬರು ಪ್ರತಿ ಫೈಲಿಗೂ ಸೊನ್ನೆಯಿಂದಲೇ ಶುರು. ಫೈಲಿನ ಹೆಸರು ತಾನಾಗಿ ಟೇಬಲ್ಲಿಗೆ ಬರಲ್ಲ. ನೂರು ಫೈಲು ಒಂದೇ ಟೇಬಲ್ಲಿಗೆ ಸೇರಿಸಿದರೆ ನೂರು 'ಸೊನ್ನೆ'ಗಳು. ಯಾರ ಹೆಜ್ಜೆ ಯಾರದ್ದೋ!

ಹಳ್ಳಿ ಡೈರಿಯಲ್ಲಿ ಹಾಲು ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತೆ. ಕ್ಯಾನಿಗೆ ಸುರಿಯೋ ಮುಂಚೆ ಯಾರು, ಯಾವ ಹೊತ್ತು, ಎಷ್ಟು ಲೀಟರು, ಎಷ್ಟು ಫ್ಯಾಟು ಅಂತ ಬರೀತಾರೆ. ಸುರಿದ ಮೇಲೆ ಯಾವ ಎಂಜಿನಿಯರ್ ಬಂದರೂ ಹಾಲನ್ನು ಬೇರೆ ಮಾಡಕ್ಕಾಗಲ್ಲ. ಆ ಒಂದು ಸಾಲಿನ ಸ್ಕ್ರಿಪ್ಟ್ ಬರೆಯದೇ ಸುರಿಯುತ್ತೆ.

ಇನ್ನು ಗಡಿಯಾರ. ಜಿಪಿಎಕ್ಸ್‌ನಲ್ಲಿ ಸಮಯ ಯುಟಿಸಿ, ನಮಗಿಂತ 5 ಗಂಟೆ 30 ನಿಮಿಷ ಹಿಂದೆ. ಬೆಳಗ್ಗೆ 5ಕ್ಕೆ ಹೊರಟ ಹಾಲಿನ ವ್ಯಾನು ಅಲ್ಲಿ ಹಿಂದಿನ ದಿನ ರಾತ್ರಿ 11.30ಕ್ಕೆ ಹೊರಟಿರುತ್ತೆ. ಹಾಗೇ ದಿನವಾರು ಲೆಕ್ಕ ಹಾಕಿದರೆ ಒಂದು ಟ್ರಿಪ್ಪು ಎರಡು ದಿನಕ್ಕೆ ಹರಿದುಹೋಗುತ್ತೆ. ಉದ್ದದ್ದೂ ಇದೇ ಕತೆ. ಅಕ್ಷಾಂಶ ರೇಖಾಂಶದಲ್ಲಿರೋ ಜಿಯಾಮೆಟ್ರಿಯ ಉದ್ದ ಕೇಳಿದರೆ ಪೋಸ್ಟ್‌ಜಿಐಎಸ್ ಡಿಗ್ರಿಯಲ್ಲಿ ಉತ್ತರ ಕೊಡುತ್ತೆ. ಜಿಯಾಗ್ರಫಿಗೆ ಬದಲಿಸಿ ಕೇಳಿದರೆ ಮೀಟರು. ಸ್ಕ್ರಿಪ್ಟ್ ಅರ್ಧಕ್ಕೆ ನಿಂತಿತು ಅಂತ ಇನ್ನೊಮ್ಮೆ ಓಡಿಸಿದಿರೋ, ಆಗಲೇ ಸೇರಿದ್ದ ಫೈಲುಗಳ ಕಿಲೋಮೀಟರ್ ಎರಡರಷ್ಟು. ಒಂದು ಎರರ್ ಕೂಡ ಬರಲ್ಲ.

ಚಾರಣದ ಫೋಟೋ ಜೊತೆ ಹಾಕೋ ಮ್ಯಾಪಿಗೆ ಇದೆಲ್ಲ ಯಾಕೆ ಅಂತೀರಾ? ಆ ಮ್ಯಾಪಿಗೆ ಬೇಡ ಬಿಡಿ. ಆದರೆ ಇದೇ ಟೇಬಲ್ ನೋಡಿ ಡ್ರೈವರ್ ಹಾಜರಿ, ಡೀಸೆಲ್ ದುಡ್ಡು, ಡೆಲಿವರಿ ಹುಡುಗನ ಕೂಲಿ ಲೆಕ್ಕ ಹಾಕೋರಿದ್ದರೆ? ಅವನು ಹತ್ತು ಸಲ ಹೇಳಿದರೂ 'ಸಿಸ್ಟಮ್‌ನಲ್ಲಿ ಹಾಗಿಲ್ಲಪ್ಪ' ಅಂತಾರೆ. ಸಿಸ್ಟಮ್‌ನಲ್ಲಿ ಹಾಗಿಲ್ಲದಂತೆ ಮಾಡಿದವರು ಏಸಿ ರೂಮಲ್ಲಿ ಕೂತಿರೋ ನಾವೇ ಅಲ್ವಾ?

ಮದ್ದು ದೊಡ್ಡದೇನಲ್ಲ. ಮೊದಲು ಫೈಲುಗಳದ್ದೇ ಒಂದು ಟೇಬಲ್: ಹೆಸರು, ಯಾರದ್ದು, ಎಸ್‌ಎಚ್‌ಎ-256 ಹ್ಯಾಶ್, ಅದರ ಮೇಲೆ ಯೂನಿಕ್ ನಿರ್ಬಂಧ. ಅದೇ ಫೈಲು ಮತ್ತೆ ಬಂದರೆ ಬಾಗಿಲಲ್ಲೇ ತಡೆ. ಪ್ರತಿ ಪಾಯಿಂಟಿಗೂ ಆ ಫೈಲಿನ ಐಡಿ. ಒಂದು ಫೈಲಿಗೆ ಒಂದು ಟ್ರಾನ್ಸಾಕ್ಷನ್, ಪೂರ್ತಿ ಸೇರಬೇಕು, ಇಲ್ಲಾ ಏನೂ ಸೇರಬಾರದು. ಸಮಯ ಯುಟಿಸಿಯಲ್ಲೇ ಇರಲಿ, ದಿನದ ಲೆಕ್ಕ ಮಾತ್ರ ನಮ್ಮ ಗಡಿಯಾರದಲ್ಲಿ. ಗೆರೆಯನ್ನು ಕೊನೆಗೆ ಪಾಯಿಂಟುಗಳಿಂದಲೇ ಕಟ್ಟಿಕೊಳ್ಳಿ.

ಒಂದು ಸಾಲು ಹೋಗಿ ಐವತ್ತು ಸಾಲಾಗಬಹುದು, ಆಗಲಿ. ಡೈರಿ ಸೆಕ್ರೆಟರಿ ಎಷ್ಟೋ ವರ್ಷದಿಂದ ಪೆನ್ನು ಹಿಡಿದು ಮಾಡ್ತಿರೋ ಕೆಲಸ ಅದು. ಬಿಇ ಓದಿದ ನಮಗೆ ಭಾರ ಆಗಬಾರದು.