ಕುಂಟ ಬಸವನ ಬಗ್ಗೆ ಎರಡು ಮಾತು

ಟಿ. ನಗರದ ಬಾಡಿಗೆ ಮನೆಯಲ್ಲಿ ಈ ಮಳೆಗಾಲ ಎರಡು ಕಾದಂಬರಿಗಳನ್ನು ಒಂದರ ಬೆನ್ನಿಗೊಂದು ಓದಿದೆ. ಒಂದು ಮಾಸ್ತಿಯವರ 'ಚಿಕವೀರ ರಾಜೇಂದ್ರ' (1956), ಇನ್ನೊಂದು ಹಿಲರಿ ಮಾಂಟೆಲ್ ಅವರ 'ವುಲ್ಫ್ ಹಾಲ್' (2009). ಕಾಲೇಜಿನಲ್ಲಿ ಮಾಸ್ತಿಯವರನ್ನು ಓದಿದಾಗ ನನಗೆ ಬೋಪಣ್ಣನೇ ನಾಯಕ. ನಲವತ್ತು ದಾಟಿದ ಮೇಲೆ ಕಣ್ಣು ಹೋದದ್ದು ಕುಂಟ ಬಸವನ ಕಡೆಗೆ.

ಮಾಂಟೆಲ್ ಅವರ ಥಾಮಸ್ ಕ್ರಾಮ್ವೆಲ್ ಕಮ್ಮಾರನ ಮಗ, ಎಂಟನೇ ಹೆನ್ರಿಯ ಬಲಗೈ ಆದವನು. ಇತಿಹಾಸದಲ್ಲಿ 1540ರ ಏಪ್ರಿಲ್‌ನಲ್ಲಿ ಅವನಿಗೆ ಅರ್ಲ್ ಪದವಿ, ಜೂನ್‌ನಲ್ಲಿ ಸೆರೆ, ಜುಲೈ 28ಕ್ಕೆ ತಲೆದಂಡ. ಅಂಥ ನಿಷ್ಠಾವಂತ ಸೇವಕನನ್ನು ಕಳೆದುಕೊಂಡೆನಲ್ಲ ಎಂದು ರಾಜ ಆಮೇಲೆ ಹಲುಬಿದನಂತೆ. ನಮ್ಮ ಬಸವ ನಾಯಿಗಳನ್ನು ನೋಡಿಕೊಂಡಿದ್ದ ಹುಡುಗ. ಅರಸನ ಗೆಳೆತನದಿಂದ ಕೊಡಗಿನ ಮಂತ್ರಿಯಾಗುತ್ತಾನೆ. ಅವನ ಪಕ್ಕ ಕೂರುವುದೇ ಉಳಿದ ಮಂತ್ರಿಗಳಿಗೆ ಅವಮಾನ. ಆ ಸಿಟ್ಟಿನಲ್ಲಿ ನ್ಯಾಯವೆಷ್ಟು, ಜಾತಿಯೆಷ್ಟು ಎಂಬುದನ್ನು ಮಾಸ್ತಿ ಮುಚ್ಚಿಡುವುದಿಲ್ಲ.

ವ್ಯತ್ಯಾಸ ಇರುವುದು ನೋಟದಲ್ಲಿ. ಮಾಂಟೆಲ್ ನಮ್ಮನ್ನು ಮಂತ್ರಿಯ ತಲೆಯೊಳಗೇ ಕೂರಿಸುತ್ತಾರೆ. ಅಲ್ಲಿ ಕೂತವರಿಗೆ ಅವನ ಪ್ರತಿ ಕೆಲಸವೂ ಅನಿವಾರ್ಯ ಅನ್ನಿಸತೊಡಗುತ್ತದೆ. ಮಾಸ್ತಿ ಬಸವನನ್ನು ಊರಿನ ನಡುವೆ ನಿಲ್ಲಿಸುತ್ತಾರೆ. ಅರಸನಿಗಾಗಿ ಅವನು ಮಾಡಿದ್ದರಿಂದ ಯಾರ ಮನೆ ಹಾಳಾಯಿತು ಎಂಬುದು ಅಲ್ಲಿಂದ ಕಾಣುತ್ತದೆ.

ನನಗೆ ಇದು ಬರೀ ತಂತ್ರದ ಮಾತಲ್ಲ. ಹಿಂದೆ ಕೆಲಸ ಮಾಡಿದ ಒಂದು ಕಡೆ, ಮನೆಗೆ ಕಳಿಸಬೇಕಾದ ಏಳು ಜನರ ಪಟ್ಟಿ ತಯಾರಿಸಿದವನು ನಾನು. ಹೆಸರು ಆರಿಸಿದ್ದು ಮೇಲಿನವರು, ಎಕ್ಸೆಲ್ ಹಾಳೆ ನನ್ನದು. ಅವರು ಬೇರೆ ಕಂಪನಿಗೆ ಹೋದರು. ಪಟ್ಟಿ ನನ್ನ ಹೆಸರಿನಲ್ಲೇ ಉಳಿಯಿತು. ಕ್ಯಾಂಟೀನಿನಲ್ಲಿ ನನ್ನ ಮೇಜಿಗೆ ಯಾರೂ ಬರದಾದರು. 'ವುಲ್ಫ್ ಹಾಲ್' ಓದುವಾಗ ಎದೆ ಹಗುರಾಯಿತು. ಮಾಸ್ತಿಯವರನ್ನು ಓದುವಾಗ ಆ ಏಳು ಮುಖಗಳು ನೆನಪಾದವು. ನನಗೆ ಬೇಕಾಗಿದ್ದದ್ದು ಎರಡನೆಯದೇ.

ಆದರೂ ಮಾಸ್ತಿಯವರ ಮೇಲೆ ಒಂದು ತಕರಾರು ಇದೆ. ಬಸವ ಭಗವತಿಯ ಹೊಟ್ಟೆಯಲ್ಲಿ ಲಿಂಗರಾಜನಿಗೆ ಹುಟ್ಟಿದವನು, ಅಂದರೆ ಅರಸನಿಗೆ ಅಣ್ಣನೇ, ಎಂದು ಕೊನೆಗೆ ಗೊತ್ತಾಗುತ್ತದೆ. ಕಥೆಗೆ ಇದು ದೊಡ್ಡ ತಿರುವು, ಬಸವನಿಗೆ ಮಾತ್ರ ನಷ್ಟ. ಅಲ್ಲಿಯವರೆಗೆ ಅವನ ನಿಷ್ಠೆ ಅವನೇ ಆರಿಸಿಕೊಂಡದ್ದು, ಪಾಪವೂ ಅವನದೇ. ಆಮೇಲೆ ಎರಡೂ ರಕ್ತದ ಲೆಕ್ಕಕ್ಕೆ ಹೋಗುತ್ತವೆ. ಮಾಂಟೆಲ್ ಅವರ ಕ್ರಾಮ್ವೆಲ್ ಕೊನೆಯವರೆಗೂ ಕಮ್ಮಾರನ ಮಗನೇ.

1834ರಲ್ಲಿ ಕೊಡಗು ಇಂಗ್ಲಿಷರ ಕೈಸೇರಿತು. ಅರಸ ದೇಶ ಬಿಟ್ಟ, ಬಸವ ಸತ್ತ, ಬೋಪಣ್ಣನಂಥವರು ಹೊಸ ಆಡಳಿತದಲ್ಲಿ ದಿವಾನರಾದರು. ದೊರೆ ಬದಲಾದಾಗ ಉಳಿಯುವವರು ಯಾರು, ಹಳೆಯ ಪಾಪದ ಲೆಕ್ಕಕ್ಕೆ ಸಿಗುವವರು ಯಾರು? ಆಫೀಸು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಮತ್ತೊಮ್ಮೆ ಓದಿ, ಈ ಸಲ ಬಸವನ ಪಕ್ಕ ಕೂತು. ಅವನನ್ನು ಕ್ಷಮಿಸಬೇಕಾಗಿಲ್ಲ.