ಬ್ಲೇಡನ್ಸ್‌ಬರ್ಗಿನ ಶಿಲುಬೆ: ಒಂದು ತೀರ್ಪಿನ ಅರ್ಥವಿಚಾರ

ಸಂಕೇತಕ್ಕೆ ಅರ್ಥವು ಎಲ್ಲಿಂದ ಬರುವುದು, ಬಂದ ಅರ್ಥವು ಕಾಲಕ್ರಮದಲ್ಲಿ ಮಾರ್ಪಡುವುದೆ, ಮಾರ್ಪಟ್ಟಿತೆಂಬುದನ್ನು ಯಾವ ಪ್ರಮಾಣದಿಂದ ನಿಶ್ಚಯಿಸಬೇಕು ಎಂಬೀ ಪ್ರಶ್ನೆಗಳನ್ನು ನಮ್ಮ ಮೀಮಾಂಸಕರೂ ಆಲಂಕಾರಿಕರೂ ಬಹುಕಾಲ ವಿಚಾರ ಮಾಡಿರುವರು. ಈ ವಿಚಾರವು ಪಾಠಶಾಲೆಯ ಜಗಲಿಗೆ ಮಾತ್ರ ಸೇರಿದುದೆಂದು ಎಣಿಸುವವರುಂಟು. 2019ನೆಯ ಇಸವಿ ಜೂನ್ 20ರಂದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸುಪ್ರೀಂ ಕೋರ್ಟು ಕೊಟ್ಟ ಒಂದು ತೀರ್ಪನ್ನು ಓದಿದರೆ ಆ ಎಣಿಕೆಯು ನಿಲ್ಲಲಾರದು. ಸರ್ಕಾರದ ನೆಲದಲ್ಲಿ ನಿಂತ ಶಿಲುಬೆಯೊಂದು ಮತಚಿಹ್ನೆಯೋ ಯುದ್ಧಸ್ಮಾರಕವೋ ಎಂಬುದೇ ಅಲ್ಲಿನ ವಿವಾದ. ತೀರ್ಪಿನ ಫಲದ ವಿಷಯದಲ್ಲಿ ಆ ದೇಶದವರು ಬೇಕಾದಷ್ಟು ಬರೆದಿದ್ದಾರೆ. ಫಲಕ್ಕೆ ಸಾಧನವಾದ ಅರ್ಥನಿರ್ಣಯವು ಯುಕ್ತವೇ ಎಂಬುದಷ್ಟನ್ನು ಇಲ್ಲಿ ಪರಿಶೀಲಿಸುವೆನು.

ಮೊದಲು ವಿಷಯವನ್ನು ಹೇಳತಕ್ಕದ್ದು. ಮೇರಿಲ್ಯಾಂಡ್ ಸಂಸ್ಥಾನದ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ ಬ್ಲೇಡನ್ಸ್‌ಬರ್ಗ್ ಎಂಬ ಊರಿದೆ. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಆ ಕೌಂಟಿಯ 49 ಮಂದಿ ಯೋಧರ ನೆನಪಿಗಾಗಿ ಅಲ್ಲಿನ ಜನರು 1918ರ ಕೊನೆಯಲ್ಲಿ ಹಣವನ್ನು ಕೂಡಿಸಲು ತೊಡಗಿದರು. 1922ರಲ್ಲಿ ಹಣವು ಸಾಲದೆ ಹೋದಾಗ, ನಿವೃತ್ತ ಯೋಧರ ಸಂಘವಾದ ಅಮೆರಿಕನ್ ಲೀಜನ್ ಕೆಲಸವನ್ನು ಕೈಗೆತ್ತಿಕೊಂಡು 1925ರಲ್ಲಿ ಮುಗಿಸಿತು. ಪೀಠದ ಮೇಲೆ 32 ಅಡಿ ಎತ್ತರದ, ಕೆಳತೋಳು ಉದ್ದವಾದ ಲ್ಯಾಟಿನ್ ಶಿಲುಬೆ. ನಡುವೆ ಲೀಜನ್ನಿನ ಲಾಂಛನ. ಬುಡದಲ್ಲಿ ಶೌರ್ಯ, ಸಹನೆ, ಧೈರ್ಯ, ನಿಷ್ಠೆ ಎಂಬರ್ಥದ ನಾಲ್ಕು ಶಬ್ದಗಳು. ಫಲಕದಲ್ಲಿ 49 ಹೆಸರುಗಳು. ಸುತ್ತಲಿನ ರಸ್ತೆಗಳಲ್ಲಿ ವಾಹನಸಂಚಾರವು ಹೆಚ್ಚಿದುದರಿಂದ, 1961ರಲ್ಲಿ ಆ ಪ್ರಾಂತದ ಉದ್ಯಾನ ಮತ್ತು ಯೋಜನಾ ಆಯೋಗವು ನೆಲವನ್ನೂ ಶಿಲುಬೆಯನ್ನೂ ತನ್ನ ವಶಕ್ಕೆ ತೆಗೆದುಕೊಂಡಿತು. ಅಂದಿನಿಂದ ಅದರ ರಕ್ಷಣೆಗಾಗಿ ಸುಮಾರು 1,17,000 ಡಾಲರುಗಳನ್ನು ವೆಚ್ಚಮಾಡಿ, 2008ರಲ್ಲಿ ಜೀರ್ಣೋದ್ಧಾರಕ್ಕೆಂದು ಇನ್ನೂ 1,00,000 ಡಾಲರುಗಳನ್ನು ತೆಗೆದಿರಿಸಿತು. 2014ರಲ್ಲಿ ಅಮೆರಿಕನ್ ಹ್ಯೂಮನಿಸ್ಟ್ ಅಸೋಸಿಯೇಷನ್ ಎಂಬ ಸಂಸ್ಥೆಯವರು ಆಯೋಗದ ಮೇಲೆ ದಾವೆ ಹೂಡಿದರು. 2015ರಲ್ಲಿ ಕೆಳಗಿನ ನ್ಯಾಯಸ್ಥಾನವು ಆಯೋಗದ ಪರವಾಗಿಯೂ, 2017ರಲ್ಲಿ ಮೇಲ್ಮನವಿಯ ನ್ಯಾಯಸ್ಥಾನವು ವಾದಿಗಳ ಪರವಾಗಿಯೂ ತೀರ್ಮಾನಿಸಿದುವು. ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರಲ್ಲಿ ಏಳು ಮಂದಿ ಶಿಲುಬೆಯು ಇರಬಹುದೆಂದರು, ಇಬ್ಬರು ಕೂಡದೆಂದರು.

ಸಂಶಯಕ್ಕೆ ಮೂಲವು 1791ರಲ್ಲಿ ಅಂಗೀಕೃತವಾದ ಅಲ್ಲಿನ ಸಂವಿಧಾನದ ಮೊದಲನೆಯ ತಿದ್ದುಪಡಿ. ಪ್ರಭುತ್ವವು ಯಾವ ಮತವನ್ನೂ ಸ್ಥಾಪಿಸತಕ್ಕದ್ದಲ್ಲ, ಮತಾಚರಣೆಯ ಸ್ವಾತಂತ್ರ್ಯವನ್ನು ತಡೆಯತಕ್ಕದ್ದೂ ಅಲ್ಲ ಎಂಬುದು ಅದರ ತಾತ್ಪರ್ಯ. 1802ರಲ್ಲಿ ಜೆಫರ್ಸನ್ನನು ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ ಬರೆದ ಪತ್ರದಲ್ಲಿ ಇದನ್ನು ಮತಸಂಸ್ಥೆಗೂ ಪ್ರಭುತ್ವಕ್ಕೂ ನಡುವಣ ಗೋಡೆಯೆಂದು ರೂಪಿಸಿದನು. 1947ರಲ್ಲಿ ಸುಪ್ರೀಂ ಕೋರ್ಟು ಆ ರೂಪಕವನ್ನು ಎತ್ತಿಕೊಂಡು, ಈ ನಿಯಮವು ಪ್ರತ್ಯೇಕ ಸಂಸ್ಥಾನಗಳಿಗೂ ಅನ್ವಯಿಸುವುದೆಂದಿತು. ಹಾಗಾದರೆ ಆಯೋಗದ ನೆಲದಲ್ಲಿ, ಪ್ರಜೆಗಳ ತೆರಿಗೆಯಿಂದ ರಕ್ಷಿತವಾದ ಶಿಲುಬೆಯು ಸ್ಥಾಪನೆಯಾಗುವುದೋ ಇಲ್ಲವೋ?

ಬಹುಮತದ ಪಕ್ಷವನ್ನು ನ್ಯಾಯಾಧೀಶ ಅಲಿಟೋ ಅವರು ನಾಲ್ಕು ಹೇತುಗಳಿಂದ ಸಮರ್ಥಿಸಿರುವರು. ಬಹುಕಾಲದ ಹಿಂದೆ ಎದ್ದ ಸ್ಮಾರಕದ ಮೂಲೋದ್ದೇಶವನ್ನು ಅರಿಯುವುದು ಕಷ್ಟವೆಂಬುದು ಒಂದು. ಕಾಲ ಕಳೆದಂತೆ ಉದ್ದೇಶಗಳು ಹಲವಾಗುವುವೆಂಬುದು ಎರಡು. ಸ್ಮಾರಕದ ಅರ್ಥವೇ ಮಾರ್ಪಡಬಹುದೆಂಬುದು ಮೂರು. ಜನರಿಗೆ ಪರಿಚಿತವೂ ಪ್ರಿಯವೂ ಆದುದನ್ನು ಈಗ ಕೀಳುವುದು ತಾಟಸ್ಥ್ಯವೆನಿಸದೆ ಮತದ್ವೇಷವೆಂದು ತೋರುವುದೆಂಬುದು ನಾಲ್ಕು. ಆದಕಾರಣ ಪುರಾತನ ಸ್ಮಾರಕಗಳನ್ನು ಸಂವಿಧಾನಸಮ್ಮತವೆಂದೇ ಮೊದಲು ಭಾವಿಸತಕ್ಕದ್ದೆಂದೂ, ಹೊಸದಾಗಿ ನಿಲ್ಲಿಸುವುದು ಬೇರೆಯ ಮಾತೆಂದೂ ತೀರ್ಪಿನ ಸಾರ. ಯುದ್ಧಭೂಮಿಯ ಸಾಲುಸಾಲು ಶಿಲುಬೆಗಳು ಆ ಯುದ್ಧದ ಕುರುಹೇ ಆಗಿಬಿಟ್ಟುವೆಂಬುದಕ್ಕೆ ಮೆಕ್ರೇ ಎಂಬ ಕವಿಯ ಪ್ರಸಿದ್ಧ ಪದ್ಯವನ್ನೂ ಅವರು ಸ್ಮರಿಸುವರು.

ಈ ನಾಲ್ಕರಲ್ಲಿ ಮೂರನೆಯದೇ ಪ್ರಾಣಭೂತವಾದುದು. ಅದನ್ನು ನಮ್ಮ ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಶಿಲುಬೆಗೆ ಕ್ರಿಸ್ತಮತವು ಮುಖ್ಯಾರ್ಥ, ಮಡಿದ ಯೋಧನು ಲಕ್ಷ್ಯಾರ್ಥ. ಇಲ್ಲಿ ಲಕ್ಷ್ಯಾರ್ಥವನ್ನೇ ಗ್ರಹಿಸತಕ್ಕದ್ದು ಎಂದಾಗುತ್ತದೆ. ಲಕ್ಷಣೆಯುಂಟೆಂಬುದನ್ನು ನಾನೂ ಒಪ್ಪುವೆನು. ಆದರೆ ಅದು ಯಾವ ಬಗೆಯ ಲಕ್ಷಣೆ? ರೂಢಿಯಿಂದ ಬರುವುದೊಂದು, ಪ್ರಯೋಜನಕ್ಕಾಗಿ ಬರುವುದೊಂದು ಎಂದು ಅದು ಎರಡು ವಿಧವೆಂಬುದು ಪ್ರಸಿದ್ಧವಾಗಿದೆ. "ಕುಶಲ" ಎಂಬ ಶಬ್ದವು ದರ್ಭೆಯನ್ನು ಕೊಯ್ಯುವವನೆಂಬ ಅರ್ಥವನ್ನು ಬಿಟ್ಟು ನಿಪುಣನೆಂಬ ಅರ್ಥದಲ್ಲಿ ನಿಂತಿದೆ. ಅದನ್ನಾಡುವವನ ಮನಸ್ಸಿಗೆ ದರ್ಭೆಯು ಬರುವುದೇ ಇಲ್ಲ. ಇದು ರೂಢಿ. ಗಂಗೆಯಲ್ಲಿ ಗೊಲ್ಲರ ಹಳ್ಳಿ ಎಂಬಲ್ಲಿ ಗಂಗೆಯೆಂದರೆ ತೀರವೇ ಹೌದು. ಆದರೆ ತೀರವೆನ್ನದೆ ಗಂಗೆಯೆಂದುದು ಆ ಹಳ್ಳಿಯ ಶೈತ್ಯವನ್ನೂ ಪಾವನತ್ವವನ್ನೂ ತೋರಿಸುವುದಕ್ಕಾಗಿ. ಇದು ಪ್ರಯೋಜನ. ಮೊದಲನೆಯದರಲ್ಲಿ ಮುಖ್ಯಾರ್ಥವು ಸತ್ತಿದೆ. ಎರಡನೆಯದರಲ್ಲಿ ಅದು ಜೀವಂತವಾಗಿದ್ದು ತನ್ನ ಗುಣವನ್ನು ಲಕ್ಷ್ಯಾರ್ಥಕ್ಕೆ ದಾನಮಾಡುತ್ತದೆ.

ಬ್ಲೇಡನ್ಸ್‌ಬರ್ಗಿನ ಶಿಲುಬೆಯು ಇವೆರಡರಲ್ಲಿ ಯಾವುದು? ಯೋಧರನ್ನು ಸೂಚಿಸುವುದಕ್ಕೆ ಕಂಬವೊಂದು ಸಾಕಾಗಿದ್ದಿತು. ಅದನ್ನು ಬಿಟ್ಟು ಶಿಲುಬೆಯನ್ನೇ ಆರಿಸಿದುದು, ಪರಾರ್ಥವಾಗಿ ಪ್ರಾಣವನ್ನಿತ್ತ ಕ್ರಿಸ್ತನ ಮರಣದ ಪಾವನತ್ವವನ್ನು ಈ ಮರಣಗಳಿಗೂ ಕೊಡುವುದಕ್ಕಾಗಿ. ಇದು ನನ್ನ ಊಹೆಯಲ್ಲ. 1925ರ ಸಮಾರಂಭದ ಮುಖ್ಯ ಭಾಷಣದಲ್ಲಿಯೇ ಆ ಶಿಲುಬೆಯನ್ನು ಕ್ರಿಸ್ತನು ಪ್ರಾಣಬಿಟ್ಟ ಕ್ಯಾಲ್ವರಿಯ ಸಂಕೇತವೆಂದು ಹೇಳಲಾಗಿದ್ದಿತು. ಉಪಕ್ರಮದಲ್ಲಿ ತಾತ್ಪರ್ಯವು ಇಷ್ಟು ಸ್ಪಷ್ಟವಾಗಿರುವಾಗ ಮೂಲೋದ್ದೇಶವು ದುರ್ಜ್ಞೇಯವೆಂಬ ಮೊದಲನೆಯ ಹೇತುವು ಈ ಶಿಲುಬೆಯ ಮಟ್ಟಿಗೆ ದುರ್ಬಲವಾಯಿತು. ಆದುದರಿಂದ ಇದು ಪ್ರಯೋಜನಲಕ್ಷಣೆ. ಇಲ್ಲಿ ಮತಾರ್ಥವು ಲುಪ್ತವಾದರೆ ಸ್ಮಾರಕದ ಗಾಂಭೀರ್ಯವೂ ಅದರೊಡನೆ ಲುಪ್ತವಾಗುವುದು.

ಅರ್ಥವು ಮಾರ್ಪಡುವುದಕ್ಕೆ ರೆಡ್ ಕ್ರಾಸಿನ ಚಿಹ್ನೆಯನ್ನು ತೀರ್ಪು ಉದಾಹರಿಸುತ್ತದೆ. ಸ್ವಿಟ್ಸರ್ಲೆಂಡಿನ ಧ್ವಜವನ್ನು ನೆನಪಿಸುವಂತೆ 1863ರಲ್ಲಿ ಆರಿಸಲಾದ ಆ ಚಿಹ್ನೆಯು ಇಂದು ಶುಶ್ರೂಷೆಗೇ ಸಂಕೇತವಾಗಿದೆ. ರೂಢಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ಸಿಕ್ಕದೆಂದು ತೋರಬಹುದು. ಆದರೆ ಈ ದೃಷ್ಟಾಂತದ ಉತ್ತರಾರ್ಧವೂ ಇದೆ. 1876ರಲ್ಲಿ ಆಟೋಮನ್ ತುರ್ಕರು, ಶಿಲುಬೆಯು ತಮ್ಮ ಸೈನಿಕರ ಮನಸ್ಸಿಗೆ ಸಲ್ಲದೆಂದು, ಅದರ ಸ್ಥಾನದಲ್ಲಿ ಕೆಂಪು ಅರ್ಧಚಂದ್ರವನ್ನು ಹಿಡಿದರು. 2005ರಲ್ಲಿ ಇವೆರಡೂ ಅಲ್ಲದ, ಯಾವ ಮತದ ನೆನಪನ್ನೂ ತಾರದ ಕೆಂಪು ಸ್ಫಟಿಕದ ಚಿಹ್ನೆಯನ್ನು ಅಂತಾರಾಷ್ಟ್ರೀಯ ಒಪ್ಪಂದದಿಂದ ಸೇರಿಸಬೇಕಾಯಿತು. ನಾಲ್ಕು ತೋಳುಗಳೂ ಸಮವಾದ, ಮತಾರ್ಥವಿಲ್ಲವೆಂದು ಅಧಿಕೃತವಾಗಿ ಸಾರಲ್ಪಟ್ಟ ಚಿಹ್ನೆಗೇ ಹೀಗಾದರೆ, ಇಗರ್ಜಿಯ ಗೋಪುರದ ಮೇಲಿರುವ ಅದೇ ಆಕಾರದ ಶಿಲುಬೆಯು ರಸ್ತೆಯ ನಡುವೆ ನಿಂತಮಾತ್ರಕ್ಕೆ ಮುಖ್ಯಾರ್ಥವನ್ನು ಕಳೆದುಕೊಂಡಿತೆನ್ನಲು ಪ್ರಮಾಣವೇನು? ಸಂಕೇತವು ಮಾರ್ಪಟ್ಟಿತೋ ಇಲ್ಲವೋ ಎಂಬುದಕ್ಕೆ ಅದನ್ನು ತನ್ನದೆಂದು ತಿಳಿದವನ ಸಾಕ್ಷ್ಯವು ಸಾಲದು. ತನ್ನದಲ್ಲವೆಂದು ತಿಳಿದವನ ಸಾಕ್ಷ್ಯವೂ ಬೇಕು.

ಇನ್ನು ಮೂರನೆಯ ಹೇತುವಿಗೂ ನಾಲ್ಕನೆಯದಕ್ಕೂ ಇರುವ ವ್ಯಾಘಾತವನ್ನು ನೋಡೋಣ. ಶಿಲುಬೆಯ ಅಡ್ಡತೋಳುಗಳನ್ನು ತೆಗೆದು ಬರಿಯ ಕಂಬವನ್ನುಳಿಸಬಹುದೆಂಬ ಸಲಹೆಯೂ ಈ ವ್ಯಾಜ್ಯದಲ್ಲಿ ಬಂದಿದ್ದಿತು. ಅದನ್ನು ಅಂಗಚ್ಛೇದವೆಂದು ತೀರ್ಪು ತಿರಸ್ಕರಿಸುತ್ತದೆ. ತಿರಸ್ಕಾರವು ಸಹಜವೇ. ಆದರೆ ಶಿಲುಬೆಯು ಈಗ ಸ್ಮಾರಕಮಾತ್ರವಾಗಿದ್ದರೆ, ಹೆಸರುಗಳೂ ಲಾಂಛನವೂ ನಾಲ್ಕು ಶಬ್ದಗಳೂ ಇದ್ದಂತೆಯೇ ಇರುವಾಗ, ತೋಳು ಹೋದರೆ ನಷ್ಟವೇನು? ಸ್ಮಾರಕತ್ವವು ಕಂಬಕ್ಕೂ ಉಂಟು. ತೋಳನ್ನು ಕಡಿದರೆ ಮತಕ್ಕೆ ನೋವಾಗುವುದೆಂದಮೇಲೆ ಮತಾರ್ಥವು ಆ ತೋಳುಗಳಲ್ಲಿ ಇಂದಿಗೂ ಜೀವಿಸುತ್ತಿದೆಯೆಂದೇ ಅರ್ಥ. ಇಡುವುದಕ್ಕೆ ಲೌಕಿಕ, ತೆಗೆಯುವುದಕ್ಕೆ ಅಲೌಕಿಕ ಎಂದು ಒಂದೇ ವಸ್ತುವಿಗೆ ಒಂದೇ ಕಾಲದಲ್ಲಿ ಎರಡು ಸ್ವಭಾವಗಳನ್ನು ಹೇಳುವುದು ನ್ಯಾಯವಲ್ಲ.

ತೀರ್ಪಿನಲ್ಲಿ ಹೃದಯವನ್ನು ಕಲಕುವ ಒಂದು ಸಂಗತಿಯಿದೆ. ಮಗನನ್ನು ಫ್ರಾನ್ಸಿನಲ್ಲಿ ಕಳೆದುಕೊಂಡ ಒಬ್ಬ ತಾಯಿಯು 1920ರಲ್ಲಿ ಸೆನೆಟರೊಬ್ಬರಿಗೆ ಬರೆದ ಪತ್ರದಲ್ಲಿ, ಈ ಶಿಲುಬೆಯು ಒಂದು ರೀತಿಯಲ್ಲಿ ತನ್ನ ಮಗನ ಸಮಾಧಿಶಿಲೆಯೆಂದು ಹೇಳಿಕೊಂಡಿದ್ದಳು. ಆ ತಾಯಿಯ ಮಾತಿನ ಮುಂದೆ ಯಾವ ತರ್ಕವೂ ತಲೆಯೆತ್ತಲಾರದು. ಆದರೆ ಸಮಾಧಿಶಿಲೆಯ ಧರ್ಮವೇ ಇಲ್ಲಿ ವಿಚಾರಣೀಯವಾಗಿದೆ. ನಮ್ಮ ನಾಡಿನ ವೀರಗಲ್ಲುಗಳನ್ನು ನೋಡಿರಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲಿನ ಪಟ್ಟಿಕೆಯಲ್ಲಿ ಸಾಮಾನ್ಯವಾಗಿ ಶಿವಲಿಂಗದ ಸನ್ನಿಧಿ. ಜೈನ ವೀರನಾದರೆ ಅಲ್ಲಿ ಜಿನಬಿಂಬ. ಕಲ್ಲಿನ ಮೇಲಿನ ದೇವರು ಸತ್ತವನ ದೇವರು. ಅಮೆರಿಕೆಯವರೂ ಇದನ್ನು ಅರಿಯದವರಲ್ಲ. ಯೂರೋಪಿನಲ್ಲಿರುವ ಅವರ ಯುದ್ಧಶ್ಮಶಾನಗಳಲ್ಲಿ ಕ್ರೈಸ್ತನಿಗೆ ಶಿಲುಬೆ, ಯೆಹೂದ್ಯನಿಗೆ ದಾವೀದನ ನಕ್ಷತ್ರ. ಮಡಿದವನ ನಂಬಿಕೆಯೇ ಅಲ್ಲಿ ಚಿಹ್ನೆಯನ್ನು ಆರಿಸುತ್ತದೆ. ನ್ಯಾಯಾಧೀಶೆ ಗಿನ್ಸ್‌ಬರ್ಗ್ ಅವರು ತಮ್ಮ ಭಿನ್ನಮತದಲ್ಲಿ ಹಿಡಿದಿರುವುದೂ ಈ ಎಳೆಯನ್ನೇ: ನಕ್ಷತ್ರವು ಮಡಿದ ಕ್ರೈಸ್ತರನ್ನು ಸ್ಮರಿಸಲು ಹೇಗೆ ತಕ್ಕುದಲ್ಲವೋ, ಹಾಗೆಯೇ ಶಿಲುಬೆಯು ಇತರರನ್ನು ಸ್ಮರಿಸಲು ತಕ್ಕುದಲ್ಲ. ಒಬ್ಬನ ಸಮಾಧಿಯ ಮೇಲಿನ ಚಿಹ್ನೆಯು ಆತನ ಮಾತು; ಎಲ್ಲರ ನೆಲದಲ್ಲಿ ನಿಂತ 32 ಅಡಿಯ ಚಿಹ್ನೆಯು ಯಾರ ಮಾತು?

ಈ ಪ್ರಶ್ನೆಗೆ ಉತ್ತರವು ಅಲಿಟೋ ಅವರದೇ ಮತ್ತೊಂದು ತೀರ್ಪಿನಲ್ಲಿದೆ. 2009ರಲ್ಲಿ, ಯೂಟಾ ಸಂಸ್ಥಾನದ ಪ್ಲೆಸೆಂಟ್ ಗ್ರೋವ್ ಎಂಬ ಊರಿನ ಉದ್ಯಾನದಲ್ಲಿ ಹತ್ತು ಕಟ್ಟಳೆಗಳ ಶಿಲೆಯಿರುವಂತೆ ತಮ್ಮ ಸೂತ್ರಗಳ ಶಿಲೆಗೂ ಎಡೆ ಬೇಕೆಂದು ಸಮ್ಮಮ್ ಎಂಬ ಪಂಥದವರು ಕೇಳಿದಾಗ, ಸಾರ್ವಜನಿಕ ಉದ್ಯಾನದ ಶಾಶ್ವತ ಸ್ಮಾರಕವು, ಅನ್ಯರು ದಾನಮಾಡಿದುದಾದರೂ, ಸರ್ಕಾರದ್ದೇ ಮಾತಾಗುವುದೆಂದೂ, ಏನನ್ನಾಡಬೇಕೆಂಬುದನ್ನು ಸರ್ಕಾರವೇ ಆರಿಸಿಕೊಳ್ಳಬಹುದೆಂದೂ ಅವರು ನಿರ್ಣಯಿಸಿದರು. ಅಲ್ಪಸಂಖ್ಯಾತರ ಶಿಲೆಯನ್ನು ತಡೆಯುವಾಗ ಸ್ಮಾರಕವು ಸರ್ಕಾರದ ಮಾತಾದರೆ, ಬಹುಸಂಖ್ಯಾತರ ಶಿಲುಬೆಯನ್ನು ಉಳಿಸುವಾಗಲೂ ಅದು ಸರ್ಕಾರದ ಮಾತೇ ಆಗಬೇಕು. ಸ್ಮಾರಕಕ್ಕೆ ಅರ್ಥಗಳು ಹಲವಿರಬಹುದೆಂದು 2009ರ ತೀರ್ಪೂ ಹೇಳುವುದು ನಿಜ. ಅದರಿಂದ ವಕ್ತೃವು ಬದಲಾಗನು. ಈ ಎರಡು ತೀರ್ಪುಗಳಿಗೆ ಸಮನ್ವಯವನ್ನು ಮಾಡದೆ ಬಿಟ್ಟುದು ಲೋಪವೆಂದೇ ಹೇಳಬೇಕು.

ಹಾಗೆಂದು ಭಿನ್ನಮತವೂ ನಿರ್ದುಷ್ಟವಲ್ಲ. ಸಾರ್ವಜನಿಕ ಸ್ಥಳದಲ್ಲಿ ಶಿಲುಬೆಯಿದ್ದರೆ ಪ್ರಭುತ್ವವು ಅದನ್ನು ಅನುಮೋದಿಸಿತೆಂದು ಭಾವಿಸಬಹುದೆಂದೂ, ವಸ್ತುಸಂಗ್ರಹಾಲಯದಂತಹ ಸಂದರ್ಭದಲ್ಲಿ ಆ ಭಾವನೆಯು ತೊಲಗುವುದೆಂದೂ ಗಿನ್ಸ್‌ಬರ್ಗ್ ಅವರು ಹೇಳುವರು. ಆದರೆ ವಿಧಿಗೂ ಅನುವಾದಕ್ಕೂ ಇರುವ ಭೇದಕ್ಕೆ ಅಲ್ಲಿ ತಕ್ಕ ತೂಕವು ದೊರೆತಿಲ್ಲ. ಇಲ್ಲದುದನ್ನು ಇರಲೆಂದು ನಿಯಮಿಸುವುದು ವಿಧಿ. ಇದ್ದುದನ್ನು ಇದೆಯೆಂದು ಮತ್ತೆ ಹೇಳುವುದು ಅನುವಾದ. 1961ರಲ್ಲಿ ಆಯೋಗವು ಶಿಲುಬೆಯನ್ನು ನಿಲ್ಲಿಸಲಿಲ್ಲ. 36 ವರ್ಷಗಳಿಂದ ನಿಂತುದನ್ನು ವಹಿಸಿಕೊಂಡಿತು. ಆಗಮಶಾಸ್ತ್ರದಲ್ಲಿಯೂ ಪ್ರತಿಷ್ಠೆಗೆ ಒಂದು ವಿಧಾನ, ಪ್ರತಿಷ್ಠಿತವಾದುದನ್ನು ಚಲಿಸುವುದಕ್ಕೆ ಇನ್ನೊಂದು ವಿಧಾನ. ಎರಡನೆಯದು ಮೊದಲನೆಯದರ ಅಭಾವಮಾತ್ರವಲ್ಲ. ಆದಕಾರಣ ಸ್ಥಾಪನೆಯ ನಿಷೇಧದಿಂದ ಉತ್ಥಾಪನೆಯ ವಿಧಿಯು ತಾನಾಗಿ ಹೊರಡುವುದಿಲ್ಲ. ನೆಲವನ್ನು ಖಾಸಗಿಯವರಿಗೆ ಒಪ್ಪಿಸಿಯಾಗಲಿ ಶಿಲುಬೆಯನ್ನು ಸ್ಥಳಾಂತರಿಸಿಯಾಗಲಿ ದೋಷವನ್ನು ಕಳೆಯಬಹುದೆಂಬ ಆಕೆಯ ಸೂಚನೆಯು ಮಾತ್ರ ವಿವೇಕದ್ದಾಗಿದೆ. ತಾಯಿಯ ಸಮಾಧಿಶಿಲೆಯೂ ಉಳಿಯುವುದು, ಸರ್ಕಾರದ ಬಾಯಿಯೂ ಸುಮ್ಮನಾಗುವುದು.

ನನ್ನ ನಿರ್ಣಯವಿಷ್ಟು. ಶಿಲುಬೆಯನ್ನು ಉಳಿಸುವುದಕ್ಕೆ ಆಧಾರವೇನಾದರೂ ಇದ್ದರೆ ಅದು ಅನುವಾದವೊಂದೇ, ಅರ್ಥವು ಮಾರ್ಪಟ್ಟಿತೆಂಬುದಲ್ಲ. ಈ ಭೇದವು ಪಂಡಿತರ ವಿನೋದಕ್ಕಾಗಿ ಹೇಳಿದುದಲ್ಲ. ಅನುವಾದವು ಆಧಾರವಾದರೆ ಹೊಸ ಸ್ಮಾರಕಗಳಿಗೆ ಅಲ್ಲಿಯೇ ಎಲ್ಲೆ ಬೀಳುವುದು. ನ್ಯಾಯಾಧೀಶ ಬ್ರೇಯರ್ ಅವರು ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಇಂತಹ ಎಲ್ಲೆಯನ್ನೇ ಸೂಚಿಸಿದರು. 2005ರಲ್ಲಿ ಒಂದೇ ದಿನ ಟೆಕ್ಸಸಿನ 40 ವರ್ಷ ಹಳೆಯ ಹತ್ತು ಕಟ್ಟಳೆಗಳ ಶಿಲೆಯನ್ನು ಉಳಿಸಿ, ಕೆಂಟಕಿಯ ಕಚೇರಿಗಳಲ್ಲಿ ಹೊಸದಾಗಿ ತೂಗುಹಾಕಿದ ಅದೇ ಕಟ್ಟಳೆಗಳನ್ನು ತಡೆದುದೂ ಅವರ ಒಂದೇ ಮತದ ಬಲದಿಂದ. ಅರ್ಥಪರಿವರ್ತನೆಯು ಆಧಾರವಾದರೋ ಅದಕ್ಕೆ ಎಲ್ಲೆಯಿಲ್ಲ. ಯಾವ ಮತಚಿಹ್ನೆಯನ್ನಾದರೂ ಇದು ಮತವಲ್ಲ, ಪರಂಪರೆ ಎನ್ನಬಹುದು. 2022ರಲ್ಲಿ ಅದೇ ನ್ಯಾಯಸ್ಥಾನವು 1971ರಿಂದ ಬಂದ ಮೂರಂಶಗಳ ಪರೀಕ್ಷೆಯನ್ನು ಬಿಟ್ಟು ಇತಿಹಾಸ ಸಂಪ್ರದಾಯಗಳನ್ನೇ ಪ್ರಮಾಣವೆಂದು ಹಿಡಿಯಿತು. ಶಾಲೆಯ ಗೋಡೆಯಲ್ಲಿ ಹತ್ತು ಕಟ್ಟಳೆಗಳು ಕೂಡದೆಂದು 1980ರಲ್ಲಿ ತೀರ್ಪಾಗಿದ್ದರೂ, 2024ರಲ್ಲಿ ಲೂಯಿಸಿಯಾನ ಸಂಸ್ಥಾನವು ಪ್ರತಿಯೊಂದು ಸರ್ಕಾರಿ ತರಗತಿಯಲ್ಲಿಯೂ ಅವು ಇರತಕ್ಕದ್ದೆಂದು ಶಾಸನಮಾಡಿತು. ಇದು ಅನುವಾದವಲ್ಲ, ಸ್ಪಷ್ಟವಾದ ವಿಧಿ.

ಇಷ್ಟಕ್ಕೂ ಶಿಲುಬೆಗೆ ಮತಾರ್ಥವಿಲ್ಲವೆಂಬ ವಾದದಿಂದ ಹೆಚ್ಚು ನಷ್ಟವಾಗುವುದು ಶಿಲುಬೆಯನ್ನು ನಂಬಿದವರಿಗೇ. ಸರ್ಕಾರದ ನೆಲದಲ್ಲಿ ಎಡೆಯನ್ನು ಪಡೆಯುವುದಕ್ಕಾಗಿ ತನ್ನ ದೇವರನ್ನು ಅಲಂಕಾರವೆಂದು ಒಪ್ಪಿಕೊಳ್ಳುವ ಭಕ್ತನು ಪಡೆದುದು ಒಂದು ತುಂಡು ನೆಲ. ಬಿಟ್ಟುಕೊಟ್ಟುದು ಆ ಚಿಹ್ನೆಯ ಪ್ರಾಣ. ಮಗನನ್ನು ಕಳೆದುಕೊಂಡ ಆ ತಾಯಿಯು ಶಿಲುಬೆಯಲ್ಲಿ ಕಂಡುದು ಲಕ್ಷ್ಯಾರ್ಥವನ್ನಲ್ಲ. ಆಕೆಯ ದುಃಖವನ್ನು ಸಾಕ್ಷಿಯಾಗಿ ಕರೆದ ತೀರ್ಪು ಆಕೆಯ ನಂಬಿಕೆಯನ್ನೂ ಅಷ್ಟೇ ಗೌರವದಿಂದ ಓದಿಕೊಂಡಿದ್ದರೆ, ಬೇರೆ ನಂಬಿಕೆಯ ತಾಯಿಯೊಬ್ಬಳು ಅದೇ ರಸ್ತೆಯಲ್ಲಿ ನಡೆದಾಗ ಏನನ್ನು ಕಾಣುವಳೆಂಬುದೂ ಅದಕ್ಕೆ ತಿಳಿದಿರುತ್ತಿದ್ದಿತು.